ಒಡೆಯರಿಲ್ಲದ ಬೊಕ್ಕಸ: ಅಚಿಬೆಯವರ ಒಂದು ಕಾದಂಬರಿಯ ವಿಚಾರ

ಪರಕೀಯರ ಆಳಿಕೆಯಿಂದ ಬಿಡುಗಡೆ ಹೊಂದಿದ ದೇಶಗಳ ಕಥೆಯನ್ನು ಹೇಳುವ ಗ್ರಂಥಗಳು ಎರಡು ಬಗೆಯವು. ಹೋರಾಟವನ್ನು ವರ್ಣಿಸಿ ಧ್ವಜಾರೋಹಣದೊಂದಿಗೆ ಮುಗಿಯತಕ್ಕವು ಒಂದು ಬಗೆ. ಧ್ವಜವೇರಿದ ಮರುದಿನ ಬೆಳಗ್ಗೆ ಆರಂಭವಾಗತಕ್ಕವು ಇನ್ನೊಂದು ಬಗೆ. ಮೊದಲನೆಯವುಗಳಲ್ಲಿ ವೀರರಸಕ್ಕೆ ಬೇಕಾದಷ್ಟು ಎಡೆಯುಂಟು. ಎರಡನೆಯವುಗಳನ್ನು ಬರೆಯುವುದೂ ಕಷ್ಟ, ಓದುವುದೂ ಕಷ್ಟ. ಏಕೆಂದರೆ ದೂರುವುದಕ್ಕೆ ಅನುಕೂಲನಾಗಿದ್ದ ಪರದೇಶಿಯು ಅಷ್ಟರಲ್ಲಿ ಹಡಗು ಹತ್ತಿ ಹೋಗಿರುತ್ತಾನೆ, ಉಳಿದವರೆಲ್ಲ ಸ್ವಜನರೇ. ನೈಜೀರಿಯಾ ದೇಶದ ಚಿನುವಾ ಅಚಿಬೆಯವರು 1966ರ ಜನವರಿಯಲ್ಲಿ ಪ್ರಕಟಪಡಿಸಿದ ‘ಎ ಮ್ಯಾನ್ ಆಫ್ ದಿ ಪೀಪಲ್’, ಅರ್ಥಾತ್ ‘ಜನರ ಮನುಷ್ಯ’ ಎಂಬ ಆಂಗ್ಲ ಕಾದಂಬರಿಯು ಈ ಎರಡನೆಯ ಬಗೆಯದು. ಇದೇ ಗ್ರಂಥಕರ್ತರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಎಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಓದಿರಬಹುದು. ಪ್ರಕೃತ ಗ್ರಂಥಕ್ಕೆ ಅಷ್ಟು ಪ್ರಚಾರವಿಲ್ಲ. ಆದರೂ ವಸಾಹತುಗಳು ಸ್ವತಂತ್ರವಾದ ಮೇಲೆ ಅಲ್ಲಿನ ರಾಜ್ಯಭಾರಕ್ಕೂ ಅರ್ಥವ್ಯವಸ್ಥೆಗೂ ಏನಾಯಿತೆಂದು ವಿಚಾರಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಕಥೆ ವಿರಳವೆಂದು ನನ್ನ ಅಭಿಪ್ರಾಯವಾದುದರಿಂದ, ಯಥಾಮತಿ ಅದರ ಗುಣದೋಷಗಳನ್ನು ಇಲ್ಲಿ ವಿವೇಚಿಸುತ್ತೇನೆ.

ಮೊದಲು ಕಥಾಸಂಗ್ರಹ. ದೇಶದ ಹೆಸರನ್ನು ಗ್ರಂಥಕರ್ತರು ಹೇಳಿಲ್ಲ. ಪಶ್ಚಿಮ ಆಫ್ರಿಕದ ಒಂದು ಹೊಸ ರಾಜ್ಯವೆಂದು ಊಹಿಸಲು ಕಷ್ಟವಿಲ್ಲ. ಕಥೆಯನ್ನು ಹೇಳತಕ್ಕವನು ಒಡಿಲಿ ಎಂಬ ತರುಣ ಉಪಾಧ್ಯಾಯ. ಅವನು ಕೆಲಸ ಮಾಡುವ ಅನಾಟ ಎಂಬ ಊರಿನ ಶಾಲೆಗೆ ಸಂಸ್ಕೃತಿ ಖಾತೆಯ ಮಂತ್ರಿಯಾದ ನಂಗನು ದಯಮಾಡಿಸುವುದು ಕಥಾರಂಭ. ಈ ನಂಗನೂ ಒಂದು ಕಾಲಕ್ಕೆ ಉಪಾಧ್ಯಾಯನೇ. ಬಾಲಕನಾದ ಒಡಿಲಿಗೆ ಪಾಠ ಹೇಳಿದವನೇ. ಹಳೆಯ ಶಿಷ್ಯನನ್ನು ಗುರುತಿಸಿ, ಬೆನ್ನು ತಟ್ಟಿ, ರಾಜಧಾನಿಯಾದ ಬೋರಿಯಲ್ಲಿರುವ ತನ್ನ ಮನೆಗೆ ಬಂದಿರಲು ಕರೆಯುತ್ತಾನೆ. ಆ ಮನೆಯಲ್ಲಿ ಸ್ನಾನಗೃಹಗಳೇ ಏಳು. ಅದೇ ನಗರದ ಸಾಮಾನ್ಯರ ಕೇರಿಗಳಲ್ಲಿ ಮಲವನ್ನು ಬಕೀಟುಗಳಲ್ಲಿ ಹೊತ್ತು ಸಾಗಿಸುವ ಪದ್ಧತಿ ಇನ್ನೂ ಹೋಗಿಲ್ಲ. ಒಬ್ಬ ಸ್ತ್ರೀಯ ವಿಷಯದಲ್ಲಿ ಮಂತ್ರಿಯಿಂದ ಅವಮಾನಿತನಾದ ಒಡಿಲಿಯು ಮ್ಯಾಕ್ಸ್ ಎಂಬ ವಕೀಲಮಿತ್ರನ ಹೊಸ ಪಕ್ಷವನ್ನು ಸೇರಿ, ನಂಗನ ಕ್ಷೇತ್ರದಲ್ಲಿಯೇ ಅವನಿಗೆ ಎದುರಾಗಿ ಚುನಾವಣೆಗೆ ನಿಲ್ಲುತ್ತಾನೆ. ಹಣದ ಆಶೆ ತೋರಿಸುವುದೂ ಆಗುತ್ತದೆ, ಹೊಡೆಯಿಸುವುದೂ ಆಗುತ್ತದೆ. ಚುನಾವಣೆಯ ರಾತ್ರಿ ಮ್ಯಾಕ್ಸನು ಇನ್ನೊಬ್ಬ ಮಂತ್ರಿಯಾದ ಕೋಕೋ ಎಂಬವನ ವಾಹನಕ್ಕೆ ಸಿಕ್ಕಿ ಸಾಯುತ್ತಾನೆ. ಮ್ಯಾಕ್ಸನನ್ನು ವರಿಸಲಿದ್ದ ಯೂನಿಸಳು ಅಲ್ಲಿಯೇ ಕೋಕೋನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ದೇಶದಲ್ಲಿ ಅರಾಜಕತೆ ಹಬ್ಬುತ್ತದೆ. ಸೈನ್ಯವು ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ.

ಈ ಮುಕ್ತಾಯವನ್ನು ಬರೆದು ಗ್ರಂಥ ಹೊರಬೀಳುವ ಸಮಯಕ್ಕೆ ಸರಿಯಾಗಿ, 1966ನೆಯ ಜನವರಿ 15ರಂದು, ನೈಜೀರಿಯದಲ್ಲಿ ಸೈನಿಕ ಕ್ರಾಂತಿಯೇ ನಡೆದು ಪ್ರಧಾನಮಂತ್ರಿ ಅಬೂಬಕರ್ ತಫಾವ ಬಲೇವರು ಹತರಾದರು. ಒಳಸಂಚು ಅಚಿಬೆಯವರಿಗೆ ಮೊದಲೇ ತಿಳಿದಿದ್ದಿತೆಂಬ ಸಂಶಯದಿಂದ ಕೆಲವು ಕಾಲಾನಂತರ ಸೈನಿಕರು ಅವರನ್ನು ಹುಡುಕಿಕೊಂಡು ಬಂದುದೂ ಉಂಟು. ಕವಿಯನ್ನು ತ್ರಿಕಾಲಜ್ಞನೆಂದು ಹೊಗಳುವ ವಾಡಿಕೆ ನಮ್ಮಲ್ಲಿ ಹಳೆಯದು. ಆದರೆ ಇಲ್ಲಿ ಜ್ಯೋತಿಷ್ಯದ ಮಾತೇನೂ ಇಲ್ಲ. ನಾಡಿ ನೋಡಬಲ್ಲ ವೈದ್ಯನು ಜ್ವರ ಯಾವ ದಾರಿಗೆ ತಿರುಗುವುದೆಂದು ಹೇಳುವಂತೆ ಇವರೂ ಹೇಳಿದರು, ಅಷ್ಟೆ. ಹಾಗಾದರೆ ಆ ನಾಡಿ ಯಾವುದು? ಇದೇ ಮುಖ್ಯ ಪ್ರಶ್ನೆ.

ಗ್ರಂಥದ ಅಂಗಿರಸವು ಹಾಸ್ಯವೆಂದು ಮೇಲುನೋಟಕ್ಕೆ ತೋರುವುದು. ಸ್ವದೇಶದ ಒಬ್ಬ ಲೇಖಕನ ಕೃತಿಗಳನ್ನು ಓದದ ಸಂಸ್ಕೃತಿಮಂತ್ರಿ, ವಿದೇಶೀ ಕಂಪೆನಿಯಿಂದ ತನಗೆ ಬರತಕ್ಕ ಹತ್ತು ಬಸ್ಸುಗಳಿಗೆ ಮುಂಚಿತವಾಗಿ ರಸ್ತೆಗೆ ಡಾಂಬರು ಬೀಳಬೇಕೆಂದು ಆತುರಪಡುವ ಜನಸೇವಕ, ಇವರೆಲ್ಲ ನಗೆಯನ್ನು ಉಕ್ಕಿಸುತ್ತಾರೆ. ನಮ್ಮ ಪರಂಪರೆಯಲ್ಲಿ ಇಂಥ ನಗೆಗೆ ಆಚಾರ್ಯನೆಂದರೆ ಕ್ಷೇಮೇಂದ್ರ. ಔಚಿತ್ಯವಿಚಾರವನ್ನು ಬರೆದ ಆ ಕಾಶ್ಮೀರ ಪಂಡಿತನೇ ‘ನರ್ಮಮಾಲಾ’ ಎಂಬ ಕಾವ್ಯದಲ್ಲಿ ಲಂಚಕೋರ ಕಾಯಸ್ಥರನ್ನು, ಅಂದರೆ ಆ ಕಾಲದ ಸರಕಾರೀ ಲೆಕ್ಕಿಗರನ್ನು, ಹರಿತವಾಗಿ ಹಾಸ್ಯಮಾಡಿರುವನು. ಆದರೆ ಕ್ಷೇಮೇಂದ್ರನಿಗೂ ಅಚಿಬೆಯವರಿಗೂ ಒಂದು ಭೇದವುಂಟು. ಕಾಯಸ್ಥನು ಪ್ರಜೆಗೆ ಕಂಟಕ, ಪ್ರಜೆಯು ಅವನನ್ನು ದ್ವೇಷಿಸುವನು. ನಂಗನನ್ನಾದರೋ ಜನರು ಪ್ರೀತಿಸುತ್ತಾರೆ. ಅವನು ದುಷ್ಟನಂತೆ ಕಾಣುವುದೇ ಇಲ್ಲ. ಕೈಬಿಚ್ಚಿ ಕೊಡುವನು, ಹೆಸರು ಹಿಡಿದು ಮಾತನಾಡಿಸುವನು, ನಗುವನು, ನಗಿಸುವನು. ಅವನು ತಿನ್ನುತ್ತಾನೆಂಬುದು ಎಲ್ಲರಿಗೂ ತಿಳಿದದ್ದೇ. ಒಡಿಲಿಯ ಗೆಳೆಯರು ಹಳ್ಳಿಯಲ್ಲಿ ಭಾಷಣ ಮಾಡುವಾಗ ಮುದುಕನೊಬ್ಬನು ಎದ್ದು, ಅವರು ತಿಂದರೂ ನಮಗೂ ಒಂದಿಷ್ಟು ಬೀಳುತ್ತಿದೆಯಲ್ಲ ಎಂಬರ್ಥದ ಮಾತನ್ನಾಡುತ್ತಾನೆ. ಅಲ್ಲಿಗೆ ನಗೆ ನಿಲ್ಲುತ್ತದೆ.

ಇದಕ್ಕೆ ಪ್ರತಿಯಾಗಿ ಗ್ರಂಥದಲ್ಲಿ ಒಂದು ಉಪಾಖ್ಯಾನವಿದೆ. ಇಡೀ ಗ್ರಂಥದ ಜೀವ ಅದರಲ್ಲಿದೆಯೆಂದು ನನಗೆ ತೋರುತ್ತದೆ. ಅನಾಟದಲ್ಲಿ ಜೋಸಯ್ಯ ಎಂಬ ಅಂಗಡಿಕಾರ. ತನ್ನ ವ್ಯಾಪಾರ ವೃದ್ಧಿಯಾಗಲೆಂದು ಮಾಟ ಮಾಡಿಸುವುದಕ್ಕಾಗಿ ಒಬ್ಬ ಕುರುಡು ಭಿಕ್ಷುಕನ ಊರುಗೋಲನ್ನು ಅಪಹರಿಸುತ್ತಾನೆ. ಊರು ಒಟ್ಟಿಗೆ ಕೆರಳುತ್ತದೆ. ದಂಡಿಲ್ಲ, ಪೋಲೀಸಿಲ್ಲ, ಅವನ ಅಂಗಡಿಗೆ ಹೋಗುವುದನ್ನು ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಅಂಗಡಿ ಮುಚ್ಚಿ ಅವನು ಊರು ಬಿಡುತ್ತಾನೆ. ಒಡೆಯನ ಕಣ್ಣಿಗೆ ಬೀಳುವಷ್ಟನ್ನು ಕಳ್ಳನು ಕದ್ದನೆಂಬುದೇ ಊರವರ ತೀರ್ಪು. ಒಡಿಲಿಯು ಇದನ್ನು ಬಹಳವಾಗಿ ಆಲೋಚಿಸಿ ಕಂಡುಕೊಳ್ಳುವುದೇನೆಂದರೆ, ಹಳ್ಳಿಗೆ ಮನಸ್ಸುಂಟು, ಹಳ್ಳಿ ತನ್ನ ಮೇಲಾದ ಅಪರಾಧಕ್ಕೆ ಇಲ್ಲವೆನ್ನಬಲ್ಲದು. ದೇಶದ ವ್ಯವಹಾರಕ್ಕೆ ಬಂದರೆ ಒಡೆಯನೇ ಇಲ್ಲ. ಊರುಗೋಲನ್ನು ಕದ್ದವನು ಬಹಿಷ್ಕೃತನಾದ; ಬೊಕ್ಕಸವನ್ನು ಕದ್ದವನಿಗೆ ಹೂಮಾಲೆ.

ಕೌಟಿಲ್ಯನು ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ಉಪಾಯಗಳನ್ನು ನಾಲ್ವತ್ತೆಂದು ಎಣಿಸಿರುವನು. ಅಷ್ಟನ್ನು ಎಣಿಸಲು ಸಾಧ್ಯವಾದುದು ಏಕೆಂದರೆ, ಅವನ ಲೆಕ್ಕದಲ್ಲಿ ಆ ದ್ರವ್ಯಕ್ಕೆ ರಾಜನೆಂಬ ಒಡೆಯನೊಬ್ಬನಿದ್ದನು. ಒಡೆಯನು ಕಣ್ಣಿಟ್ಟು ನೋಡಿದನು. ವಸಾಹತಿನ ಬೊಕ್ಕಸಕ್ಕೂ ಒಡೆಯರಿದ್ದರು, ಆದರೆ ಅವರು ಸಮುದ್ರದಾಚೆ ಇದ್ದರು. ಪ್ರಜೆಗೆ ಸರಕಾರವೆಂದರೆ ತನ್ನಿಂದ ಕೊಂಡೊಯ್ಯುವ ಒಂದು ಯಂತ್ರ. ಅದರಿಂದ ಕಿತ್ತುಕೊಂಡಷ್ಟೂ ಲಾಭವೆಂಬ ಭಾವ ಬೆಳೆದುದು ಸಹಜ. ಒಡಿಲಿಯ ತಂದೆಯನ್ನು ಬಿಳಿಯ ಅಧಿಕಾರಿಯ ದುಭಾಷಿಯನ್ನಾಗಿ ಅಚಿಬೆಯವರು ಚಿತ್ರಿಸಿರುವುದು ಈ ದೃಷ್ಟಿಯಿಂದ ಅತ್ಯಂತ ಉಚಿತವಾಗಿದೆ. ಅಧಿಕಾರದ ಭಾಷೆ ಪ್ರಜೆಗೆ ತಿಳಿಯದು. ನಡುವೆ ನಿಂತವನು ಅದರಿಂದಲೇ ಶ್ರೀಮಂತನಾದನು. ಸ್ವಾತಂತ್ರ್ಯವು ಬಂದಾಗ ಯಂತ್ರದ ಬೀಗದ ಕೈ ಕೈಬದಲಾಯಿತು. ಹೊಸ ಒಡೆಯನು ಹುಟ್ಟಲಿಲ್ಲ.

ಇಷ್ಟು ಗುಣವನ್ನು ಹೇಳಿದ ಮೇಲೆ ಗ್ರಂಥದ ನ್ಯೂನತೆಯನ್ನೂ ಹೇಳುವುದು ವಿಮರ್ಶಕನ ಧರ್ಮ. ಹೊಸ ಆಳುವ ವರ್ಗದವರನ್ನು ಅಚಿಬೆಯವರು ಮಳೆಯಲ್ಲಿ ತೊಯ್ದು ಈಗತಾನೆ ಮಾಡಿನೊಳಕ್ಕೆ ಬಂದವರಿಗೆ ಹೋಲಿಸಿ, ಒಣಬಟ್ಟೆ ಉಟ್ಟವನು ಮತ್ತೆ ಹೊರಗೆ ಹೋಗಲು ಒಪ್ಪನೆಂಬ ಭಾವವನ್ನು ತಂದಿರುವರು. ಉಪಮೆ ರಮ್ಯವಾದುದು. ಆದರೆ ಊರಿಗೆಲ್ಲ ಇದ್ದದ್ದು ಒಂದೇ ಮಾಡೇಕೆ? ಉಳಿದ ಮನೆಗಳೇಕೆ ಏಳಲಿಲ್ಲ? ಹಿಂದಿನ ದೊರೆಗಳು ಬಿಟ್ಟುಹೋದ ಮಾಡು ಅದೊಂದೇ ಎಂದು ಹೇಳಿ ಗ್ರಂಥಕರ್ತರು ಮುಂದೆ ಸಾಗುತ್ತಾರೆ. ಅರ್ಥಶಾಸ್ತ್ರದ ಪ್ರಶ್ನೆ ಹುಟ್ಟುವುದೇ ಅಲ್ಲಿ.

ಕಾದಂಬರಿಯಲ್ಲಿ ಇದಕ್ಕೆ ಎರಡು ಸೂಚನೆಗಳು ಮಾತ್ರ ದೊರೆಯುತ್ತವೆ, ಎರಡೂ ಕಾಫಿಗೆ ಸಂಬಂಧಿಸಿದವು. ಒಂದು: ಲೋಕದ ಪೇಟೆಯಲ್ಲಿ ಕಾಫಿಯ ಬೆಲೆ ಕುಸಿದಾಗ, ಬೆಳೆಗಾರರಿಗೆ ಕೊಡುವ ದರವನ್ನು ತಗ್ಗಿಸಬೇಕೆಂದು ವಿದ್ವಾಂಸನಾದ ಹಣಕಾಸಿನ ಮಂತ್ರಿಯು ಸಲಹೆ ಕೊಡುತ್ತಾನೆ. ಚುನಾವಣೆ ಹತ್ತಿರವಿರುವುದರಿಂದ ಪ್ರಧಾನಮಂತ್ರಿಯು ಅವನನ್ನೂ ಅವನ ಜೊತೆಯವರನ್ನೂ ದ್ರೋಹಿಗಳೆಂದು ಹೊರಗಟ್ಟಿ, ಒಂದೂವರೆ ಕೋಟಿ ಪೌಂಡುಗಳ ನೋಟು ಅಚ್ಚುಮಾಡಿಸುತ್ತಾನೆ. ಆ ದಿನ ಎಲ್ಲರಿಗಿಂತ ಹೆಚ್ಚು ಕೂಗಾಡಿ ನಂಗನು ಮಂತ್ರಿಯಾದನು. ಇನ್ನೊಂದು: ಮಂತ್ರಿ ಕೋಕೋ ಒಂದು ಬೆಳಗ್ಗೆ ಕಾಫಿ ಕುಡಿದವನು ತನಗೆ ವಿಷ ಹಾಕಿದರೆಂದು ಬೊಬ್ಬಿಡುತ್ತಾನೆ. ವಿಚಾರಿಸಲಾಗಿ, ದಿನನಿತ್ಯದ ವಿದೇಶೀ ಕಾಫಿಪುಡಿ ತೀರಿಹೋಗಿದ್ದುದರಿಂದ ಅಡಿಗೆಯವನು ಸ್ವದೇಶದಲ್ಲಿ ಪುಡಿಮಾಡಿದ ಕಾಫಿಯನ್ನು ಹಾಕಿದ್ದನೆಂದು ತಿಳಿಯುತ್ತದೆ! ಸ್ವದೇಶೀ ಕಾಫಿಯನ್ನೇ ಕುಡಿಯಿರೆಂದು ಜನರಿಗೆ ಉಪದೇಶಿಸುತ್ತಿದ್ದ ಸರಕಾರದ ಮಂತ್ರಿ ಅವನು. ಬೆಳೆ ಹೋಗುವುದು ಹಸಿಯಾಗಿ, ಬರುವುದು ಡಬ್ಬಿಯಲ್ಲಿ. ನಡುವಿನ ಲಾಭ ಪರದೇಶಕ್ಕೆ. ಒಂದು ಲೋಟ ಕಾಫಿಯಲ್ಲಿ ವಸಾಹತಿನ ಅರ್ಥವ್ಯವಸ್ಥೆಯೆಲ್ಲವನ್ನೂ ಅಡಗಿಸಿಟ್ಟ ಈ ಪ್ರಸಂಗಕ್ಕೆ ಸಮನಾದುದನ್ನು ನಾನು ಬೇರೆಡೆ ಓದಿಲ್ಲ. ಕಾಫಿಬೋರ್ಡಿನ ಪೂಲು ಪದ್ಧತಿಯನ್ನು ಕಂಡ ನಮ್ಮ ಮಲೆನಾಡಿನ ಮನೆಗಳವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕಾದಂಬರಿ ಇಲ್ಲಿಗೆ ಬಿಟ್ಟುದನ್ನು ಇತಿಹಾಸದಿಂದ ತುಂಬಿಕೊಳ್ಳಬೇಕು. ನೈಜೀರಿಯದ ಪಶ್ಚಿಮ ಪ್ರಾಂತಕ್ಕೂ ನೆರೆಯ ಘಾನಾಕ್ಕೂ ಮುಖ್ಯವಾದ ಬೆಳೆ ಕಾಫಿಯಲ್ಲ, ಕೋಕೋ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಈ ಬೆಳೆಯನ್ನೆಲ್ಲ ತಾನೇ ಕೊಳ್ಳತೊಡಗಿತು. ಯುದ್ಧ ಮುಗಿದರೂ ಆ ಏರ್ಪಾಡು ಹೋಗಲಿಲ್ಲ; 1947ರಲ್ಲಿ ಕೋಕೋ ಮಾರ್ಕೆಟಿಂಗ್ ಬೋರ್ಡುಗಳೆಂಬ ಶಾಶ್ವತ ಸಂಸ್ಥೆಗಳಾದವು. ಬೆಲೆಯ ಏರುಪೇರಿನಿಂದ ರೈತನನ್ನು ರಕ್ಷಿಸುವುದೇ ಉದ್ದೇಶವೆಂದು ಸಾರಿದರು. ಬೆಲೆ ಏರಿದ ವರ್ಷಗಳಲ್ಲಿ ಉಳಿತಾಯ, ಇಳಿದ ವರ್ಷಗಳಲ್ಲಿ ಅದರಿಂದ ಸಹಾಯ ಎಂಬ ನ್ಯಾಯ ಕೇಳಲು ಸೊಗಸಾದುದೇ. ನಡೆದುದು ಬೇರೆ. ಯುದ್ಧಾನಂತರ ಬೆಲೆ ಬಹಳವಾಗಿ ಏರಿದಾಗ ರೈತನಿಗೆ ಕೊಟ್ಟುದು ಲೋಕದ ಪೇಟೆಯ ದರಕ್ಕಿಂತ ಎಷ್ಟೋ ಕಡಿಮೆ. ಉಳಿದ ಹಣವು ಲಂಡನ್ನಿನಲ್ಲಿ ಬ್ರಿಟಿಷ್ ಸಾಲಪತ್ರಗಳ ರೂಪದಲ್ಲಿ ಕುಳಿತು, ಯುದ್ಧದಿಂದ ಬಡವಾದ ಆ ದೇಶದ ಹಣಕಾಸಿಗೆ ಆಧಾರವಾಯಿತು. ರೈತನಿಗೆ ತಾನೆಷ್ಟು ಕಳೆದುಕೊಂಡೆನೆಂಬುದು ಗೊತ್ತಾಗುವ ಬಗೆಯೇ ಇರಲಿಲ್ಲ. ತೆರಿಗೆಯಾದರೆ ಕೈಯಿಂದ ಎಣಿಸಿ ಕೊಡಬೇಕು, ನೋವಾಗುತ್ತದೆ. ಕೈಗೇ ಬಾರದ ಹಣ ಹೋದರೆ ಅಳುವವರು ಯಾರು?

1954ರಲ್ಲಿ ನೈಜೀರಿಯದ ಈ ಬೋರ್ಡುಗಳು ಪ್ರಾಂತಗಳಿಗೆ ಹಂಚಿಹೋದವು. ಅಂದರೆ ಸ್ವಾತಂತ್ರ್ಯಕ್ಕೆ ಆರು ವರ್ಷ ಮೊದಲೇ ಪ್ರತಿಯೊಂದು ಪ್ರಾಂತದ ಆಳುವ ಪಕ್ಷಕ್ಕೂ ಒಂದೊಂದು ತುಂಬಿದ ಕಣಜ ದೊರೆಯಿತು. ಅದರಿಂದ ಶಾಲೆಗಳೂ ರಸ್ತೆಗಳೂ ಆದುವು. ಪಶ್ಚಿಮ ಪ್ರಾಂತದಲ್ಲಿ 1955ರಲ್ಲಿ ಆರಂಭವಾದ ಉಚಿತ ಪ್ರಾಥಮಿಕ ಶಿಕ್ಷಣವು ಸಾಮಾನ್ಯ ಸಾಧನೆಯಲ್ಲ. ಪಕ್ಷದ ಖರ್ಚೂ ಅದರಿಂದಲೇ ನಡೆಯಿತು. 1962ರಲ್ಲಿ ನೇಮಿತವಾದ ಕೋಕರ್ ಆಯೋಗವು ಪಶ್ಚಿಮ ಪ್ರಾಂತದ ಬೋರ್ಡಿನ ಹಣವು ಪಕ್ಷದ ಬಳಕೆಗೆ ಹರಿದುದನ್ನು ಬೆಳಕಿಗೆ ತಂದಿತು. ಎದುರುಪಕ್ಷವನ್ನು ಕುಗ್ಗಿಸುವ ಉದ್ದೇಶವೂ ಆ ವಿಚಾರಣೆಯಲ್ಲಿದ್ದಿತು. ಆದರೆ ಅದರಿಂದ ವಿಷಯ ಸುಳ್ಳಾಗದು. ಹೀಗೆ ದೇಶದ ಸಂಪತ್ತಿಗೆಲ್ಲ ಒಂದೇ ಕಣಜ, ಆ ಕಣಜಕ್ಕೆ ಒಂದೇ ಬಾಗಿಲು, ಬಾಗಿಲಿಗೆ ಚುನಾವಣೆಯೊಂದೇ ಬೀಗದ ಕೈ ಎಂದಾದ ಮೇಲೆ, ಸೋಲುವುದೆಂದರೆ ಉಪವಾಸ ಬೀಳುವುದೆಂದೇ ಅರ್ಥ. ಹೊಡೆದಾಟವೂ ಕೊಲೆಯೂ ಹುಟ್ಟಿದುದು ಅದರಿಂದ. 1914ರಲ್ಲಿ ಆಡಳಿತದ ಅನುಕೂಲಕ್ಕಾಗಿ ಬ್ರಿಟಿಷರು ಉತ್ತರ ದಕ್ಷಿಣಗಳನ್ನು ಕೂಡಿಸಿ ಹೊಲಿದ ದೇಶದಲ್ಲಿ ಈ ಜಗಳವು ಜನಾಂಗಗಳ ಜಗಳವಾಗಿ ಪರಿಣಮಿಸುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. 1967ರಿಂದ 1970ರ ವರೆಗೆ ಬಯಾಫ್ರಾ ಯುದ್ಧವು ನಡೆಯಿತು. ಹಸಿವಿನಿಂದ ಸತ್ತ ಮಕ್ಕಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಕಾದಂಬರಿಯ ಕೊನೆಯಲ್ಲಿ ಸೈನಿಕರ ಆಗಮನವನ್ನು ಅಚಿಬೆಯವರು ಮಂಗಳವೆಂದು ಹಾಡದೆ ಬಿಟ್ಟುದು ಅವರ ವಿವೇಕ.

ಈ ಕಾದಂಬರಿಯನ್ನು ಕೈಗೆತ್ತಿಕೊಂಡು, ನೋಡಿ, ಇವರು ಸ್ವರಾಜ್ಯಕ್ಕೆ ಯೋಗ್ಯರಲ್ಲವೆಂದು ಹೇಳುವವರುಂಟು. ನಂಗನ ಯಂತ್ರವನ್ನು ಕಟ್ಟಿಕೊಟ್ಟವರು ಯಾರೆಂದು ಅವರು ಕೇಳಿಕೊಳ್ಳಲಿ. ಎಲ್ಲ ದೋಷವನ್ನೂ ಹೊರಗಿನವರ ಮೇಲೆಯೇ ಹೊರಿಸುವವರೂ ಉಂಟು. ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮರು 1965ರಲ್ಲಿ ಪ್ರಕಟಿಸಿದ ನವವಸಾಹತುಶಾಹಿಯ ಮೇಲಿನ ಗ್ರಂಥವು ಈ ಪಕ್ಷಕ್ಕೆ ಪ್ರಮಾಣ. ಧ್ವಜ ಸ್ವಂತದ್ದಾದರೂ ಹಣದ ಹಿಡಿತ ಪರರದಾಗಿರುವ ರಾಜ್ಯವು ಸ್ವತಂತ್ರವಲ್ಲವೆಂದು ಅವರು ವಾದಿಸಿದರು. ಅದೇ ಕಾಲದಲ್ಲಿ ಕೋಕೋ ಬೆಲೆ ಪಾತಾಳಕ್ಕಿಳಿದು ಅವರ ಮಾತಿಗೆ ಸಾಕ್ಷಿ ಹೇಳಿತು. ಆದರೆ 1958ರಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಶಾಸನವನ್ನು ತಂದವರೂ, 1964ರಲ್ಲಿ ದೇಶಕ್ಕೆ ಒಂದೇ ಪಕ್ಷವೆಂದು ವಿಧಿಸಿದವರೂ ಅವರೇ. ರೈತರ ಪರವಾಗಿ ನಿಂತಿದ್ದ ಡಾ॥ ಜೆ. ಬಿ. ಡಾಂಕ್ವಾ 1965ರಲ್ಲಿ ಅವರ ಸೆರೆಯಲ್ಲಿಯೇ ಮೃತರಾದರು. ಮರುವರ್ಷದ ಫೆಬ್ರವರಿ 24ರಂದು ಸೈನ್ಯವು ಎನ್‌ಕ್ರೂಮರನ್ನು ಪದಚ್ಯುತಗೊಳಿಸಿದಾಗ, ಅವರಿಗಾಗಿ ಬೀದಿಗೆ ಬಂದ ಒಡೆಯರು ಇರಲಿಲ್ಲ. ಪರರ ಸುಲಿಗೆಯೂ ಸ್ವಜನರ ಸುಲಿಗೆಯೂ ಬೇರೆಬೇರೆ ರೋಗಗಳಲ್ಲ. ಎರಡನೆಯದು ಮೊದಲನೆಯದರ ಕಣಜದಲ್ಲಿಯೇ ಬೆಳೆಯಿತು. ಅಚಿಬೆಯವರ ಕಥೆ ಈ ಎರಡು ವಾದಗಳಿಗೂ ವಶವಾಗದೆ ನಿಲ್ಲುತ್ತದೆ.

ಒಂದು ಮಾತಿನಲ್ಲಿ ಮಾತ್ರ ಇತಿಹಾಸವು ಕಾದಂಬರಿಯನ್ನು ತಿದ್ದಿತು. ಜನರು ತಾವಾಗಿ ಎದ್ದು ಸರಕಾರವನ್ನು ಪ್ರಶ್ನಿಸಲಿಲ್ಲವೆಂದು ಒಡಿಲಿ ನಿರಾಶೆಯಿಂದ ಹೇಳುವನು. ಗ್ರಂಥ ಹೊರಬಂದ ಎರಡು ಮೂರು ವರ್ಷಗಳಲ್ಲಿ, 1968–69ರಲ್ಲಿ, ಪಶ್ಚಿಮ ನೈಜೀರಿಯದ ಕೋಕೋ ರೈತರು ಎದ್ದರು. ಅಗ್ಬೆಕೋಯಾ ಎಂದು ಪ್ರಸಿದ್ಧವಾದ ಆ ದಂಗೆಯು ತೆರಿಗೆಯ ಹೊರೆಗೆ ವಿರೋಧವಾಗಿ ಎದ್ದುದು. ಅಂತ್ಯದಲ್ಲಿ ಸರಕಾರವು ತೆರಿಗೆಯನ್ನು ಇಳಿಸಬೇಕಾಯಿತು. ಬೋರ್ಡು ಕಾಣದಂತೆ ಕಳೆದ ಹಣಕ್ಕೆ ಎರಡು ದಶಕ ಸುಮ್ಮನಿದ್ದ ರೈತನು, ತೆರಿಗೆಯವನು ಬಾಗಿಲಿಗೆ ಬಂದಾಗ ಒಡೆಯನಾದನು. ಕುರುಡನ ಊರುಗೋಲಿನ ನ್ಯಾಯವೇ ಇಲ್ಲಿಯೂ ನಡೆಯಿತು. ಆದುದರಿಂದ ದೇಶಕ್ಕೆ ಒಡೆಯನಿಲ್ಲವೆಂಬುದಕ್ಕಿಂತ, ಒಡೆಯನಿಗೆ ಕಾಣದ ಹಾಗೆ ಲೆಕ್ಕವನ್ನು ಬಚ್ಚಿಡಲಾಗಿದೆಯೆಂಬುದು ಹೆಚ್ಚು ಸರಿ. ಮುಂದೆ ಖನಿಜತೈಲವು ನೈಜೀರಿಯದ ಮುಖ್ಯ ಆದಾಯವಾದಾಗ ಈ ಕೇಡು ಇನ್ನೂ ಬಲಿಯಿತು. ಹಣವು ಕಂಪೆನಿಗಳಿಂದ ನೇರವಾಗಿ ಸರಕಾರಕ್ಕೆ ಬರುತ್ತಿರಲು ಪ್ರಜೆಯ ಕೈಯನ್ನು ಮುಟ್ಟುವ ಅಗತ್ಯವೂ ತಪ್ಪಿತು.

ಇದು ವಿಧಿಲಿಖಿತವೆಂದು ಯಾರೂ ತಿಳಿಯಬಾರದು. 1966ರಲ್ಲಿಯೇ ಸ್ವತಂತ್ರವಾದ ಬಡ ಬೋಟ್ಸ್ವಾನವು ಮರುವರ್ಷ ವಜ್ರದ ನಿಕ್ಷೇಪ ದೊರೆತಾಗ, ಖನಿಜವು ಕುಲಗಳದಲ್ಲ, ರಾಷ್ಟ್ರದ್ದೆಂದು ಶಾಸನ ಮಾಡಿತು. ಗಣಿ ಕಂಪೆನಿಯಲ್ಲಿ ಮೊದಲು ನೂರಕ್ಕೆ 15ರಷ್ಟಿದ್ದ ಸರಕಾರದ ಪಾಲು 1975ರಲ್ಲಿ ಸರಿಪಾಲಾಯಿತು. ಅಧಿಕಾರಿಗಳು ‘ಖೋಟ್ಲ’ವೆಂಬ ಹಳ್ಳಿಯ ಸಭೆಗೆ ಬಂದು ಜನರೊಡನೆ ವಿಚಾರಮಾಡುವ ವಾಡಿಕೆಯನ್ನೂ ಆ ದೇಶ ಉಳಿಸಿಕೊಂಡಿತು. ಅಲ್ಲಿಯೂ ಕೊರತೆಗಳಿವೆ, ಒಂದೇ ವಸ್ತುವಿನ ಮೇಲೆ ನಿಂತ ಬಾಳು ಎಂದಿಗೂ ಭಯದ್ದೇ. ಆದರೂ ಹಳ್ಳಿಯ ಸಭೆಗೂ ರಾಷ್ಟ್ರದ ಬೊಕ್ಕಸಕ್ಕೂ ನಡುವೆ ಒಂದು ಸೇತುವೆ ಕಟ್ಟಲು ಸಾಧ್ಯವೆಂಬುದು ಸಿದ್ಧವಾಯಿತು. ಒಡಿಲಿ ಹುಡುಕಿದುದು ಅದನ್ನೇ ಅಲ್ಲವೆ?

ಕಡೆಯದಾಗಿ ಒಂದು ಸ್ವವಿಷಯ. ಒಡಿಲಿಯ ರಾಜಕೀಯವು ಸ್ವಂತ ಅವಮಾನದಿಂದ ಹುಟ್ಟಿದುದರಿಂದ ಅವನು ನಾಯಕನಾಗಲು ಅರ್ಹನಲ್ಲವೆಂದು ಕೆಲವರು ಆಕ್ಷೇಪಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಮೊದಲ ಅಧ್ಯಾಯದಲ್ಲಿ ಮಂತ್ರಿಯ ಬರವನ್ನು ಕಾಯುತ್ತ ನಿಂತ ಶಾಲೆಯ ವರ್ಣನೆಯನ್ನು ಓದುವಾಗ ನಾನು ಪುಸ್ತಕವನ್ನು ಕೆಳಗಿಡಬೇಕಾಯಿತು. ಅನೇಕ ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಒಂದು ಊರಿಗೆ ಅಧಿಕಾರಸ್ಥರೊಬ್ಬರು ಬರುವುದಿದ್ದಿತು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದವನು ನಾನೇ. ಮೂರು ಗಂಟೆ ಕಳೆಯಿತು. ಒಂದು ಹೆಣ್ಣುಮಗು ತಲೆ ತಿರುಗಿ ಬಿದ್ದಿತು. ಅವರು ಬಂದು ನಿಂತುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನಾನು, ರಘುವಂಶವನ್ನು ಪಾಠ ಹೇಳಿದ ಬಾಯಿಂದಲೇ, ಅವರನ್ನು ದಿಲೀಪನಿಗೆ ಹೋಲಿಸಿ ಸ್ವಂತವಾಗಿ ಕಟ್ಟಿದ ಸಂಸ್ಕೃತ ಶ್ಲೋಕಗಳ ಬಿನ್ನವತ್ತಳೆಯನ್ನು ಓದಿದೆನು. ಶಾಲೆಯ ಮಾಡಿಗೆ ಮಂಜೂರಾಗಿದ್ದ ಹಣ ಏನಾಯಿತೆಂದು ಕೇಳಬೇಕೆಂದು ಮನಸ್ಸಿನಲ್ಲಿದ್ದಿತು. ಕೇಳಲಿಲ್ಲ. ಆ ಮಳೆಗಾಲದಲ್ಲಿಯೂ ಮೂರನೆಯ ತರಗತಿ ಸೋರಿತು. ಪ್ರಜೆಗಳಿಂದ ಕೊಂಡ ಕಂದಾಯವನ್ನು ಸಾವಿರ ಪಾಲಾಗಿ ಪ್ರಜೆಗಳಿಗೇ ಹಿಂದಿರುಗಿಸಿದವನೆಂದು ಕಾಳಿದಾಸನು ಕೊಂಡಾಡಿದ ಆ ದಿಲೀಪನ ಹೆಸರನ್ನು ನಾನು ಅಂದು ಎಲ್ಲಿ ವೆಚ್ಚ ಮಾಡಿದೆನೆಂಬುದು ಈ ಗ್ರಂಥವನ್ನು ಓದುವ ವರೆಗೆ ನನಗೆ ಅಷ್ಟಾಗಿ ಚುಚ್ಚಿರಲಿಲ್ಲ.

ನಂಗನೂ ಉಪಾಧ್ಯಾಯನಾಗಿದ್ದನಷ್ಟೆ. ಅವನನ್ನು ಅನ್ಯದೇಶದ ಒಬ್ಬ ವಿದೂಷಕನೆಂದು ನಕ್ಕುಬಿಟ್ಟರೆ ಗ್ರಂಥವನ್ನು ಓದಿದ ಹಾಗಾಗಲಿಲ್ಲ. ಭಾಷೆಯಲ್ಲಿ ಆಫ್ರಿಕದ ಪೇಟೆಯ ಇಂಗ್ಲಿಷು ಅಲ್ಲಲ್ಲಿ ತೊಡರುವುದುಂಟು. ಕಥೆಯ ಉತ್ತರಾರ್ಧದ ವೇಗದಲ್ಲಿ ಕೆಲವು ಪಾತ್ರಗಳು ಪೂರ್ಣವಾಗಿ ಅರಳುವುದಿಲ್ಲ. ಸ್ತ್ರೀಪಾತ್ರಗಳಲ್ಲಿ ಯೂನಿಸಳೊಬ್ಬಳನ್ನು ಬಿಟ್ಟರೆ ಉಳಿದವರಿಗೆ ಗ್ರಂಥಕರ್ತರಿಂದ ನ್ಯಾಯ ದೊರೆತಿಲ್ಲ. ಈ ದೋಷಗಳಿದ್ದರೂ ಗ್ರಂಥವು ಸಂಗ್ರಾಹ್ಯವಾದುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವವರು ಅದನ್ನು ತರಿಸಿ, ಅವರೊಡನೆ ಕುಳಿತು ಓದಿ, ಊರುಗೋಲಿನ ಪ್ರಸಂಗ ಬಂದಾಗ ಸ್ವಲ್ಪ ನಿಲ್ಲಿಸಿ, ನಮ್ಮ ಊರಿನ ಲೆಕ್ಕಪತ್ರಗಳನ್ನು ನಾವು ಕಡೆಯ ಸಲ ಕೇಳಿ ನೋಡಿದುದು ಎಂದೆಂದು ವಿಚಾರಿಸಲಿ.